‘ಫ್ಯಾನ್ಸಿ’ ಪದದ ಅರ್ಥ ಮತ್ತು ಬಳಕೆ: ಕರೋಲ್ ಬಾಗಿನ ಅಂಗಡಿ ಸಾಲಿನಿಂದ ಒಂದು ವಿವೇಚನೆ

ಕನ್ನಡಕ್ಕೆ ಬಂದ ಇಂಗ್ಲಿಷ್ ಪದಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಕಚೇರಿ, ನ್ಯಾಯಾಲಯ, ರೈಲು, ಆಸ್ಪತ್ರೆಗಳ ಸುತ್ತ ನಡೆಯುತ್ತದೆ. ಆಡಳಿತದ ಜೊತೆಗೂ ಯಂತ್ರದ ಜೊತೆಗೂ ಬಂದ ಪದಗಳು ಪಂಡಿತರ ಕಣ್ಣಿಗೆ ಬೇಗ ಬೀಳುತ್ತವೆ. ಬಳೆ, ಬೊಟ್ಟು, ರಿಬ್ಬನ್ನುಗಳ ಜೊತೆಗೆ ಬಂದ ಪದಗಳು ಅಷ್ಟಾಗಿ ಬೀಳುವುದಿಲ್ಲ. ‘ಫ್ಯಾನ್ಸಿ’ ಅಂಥದೊಂದು ಪದ. ಕರ್ನಾಟಕದ ಯಾವ ಹೋಬಳಿ ಕೇಂದ್ರಕ್ಕೆ ಹೋದರೂ ಒಂದಾದರೂ ‘ಫ್ಯಾನ್ಸಿ ಸ್ಟೋರ್ಸ್’ ಇರುತ್ತದೆ. ದೆಹಲಿಯ ಕರೋಲ್ ಬಾಗಿನಲ್ಲಿಯೂ ಈ ಪದ ಹೆಜ್ಜೆಹೆಜ್ಜೆಗೆ ಕೇಳಿಬರುತ್ತದೆ. ಆದರೆ ಎರಡೂ ಕಡೆ ಅದರ ಅರ್ಥ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಹೋದರೆ ಅನುವಾದಕನೂ ನಿಘಂಟುಕಾರನೂ ಹೊರನಾಡಿನಲ್ಲಿ ಕನ್ನಡ ಕಲಿಸುವ ಅಧ್ಯಾಪಕನೂ ತಪ್ಪು ದಾರಿ ಹಿಡಿಯುವ ಸಂಭವವಿದೆ. ಆದ್ದರಿಂದ ಈ ಪದದ ಮೂಲ, ಅದು ನಡೆದುಬಂದ ದಾರಿ ಮತ್ತು ಕನ್ನಡದಲ್ಲಿ ಅದಕ್ಕೆ ದೊರೆತ ಸ್ಥಾನವನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಮೊದಲು ವ್ಯುತ್ಪತ್ತಿ. ಇಂಗ್ಲಿಷಿನ ‘ಫ್ಯಾನ್ಸಿ’ ಎಂಬುದು ‘ಫ್ಯಾಂಟಸಿ’ ಎಂಬುದರ ಸಂಕ್ಷಿಪ್ತ ರೂಪ. 15ನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಸವೆತ ಕಾಣಿಸಿಕೊಂಡಿತು. ‘ಫ್ಯಾಂಟಸಿ’ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದಲೂ ಲ್ಯಾಟಿನ್ ರೂಪವು ಗ್ರೀಕಿನ ‘ಫಾಂತಸಿಯಾ’ದಿಂದಲೂ ಬಂದಿವೆ. ಗ್ರೀಕಿನಲ್ಲಿ ಇದರ ಅರ್ಥ ‘ತೋರಿಕೆ’, ಅಂದರೆ ಮನಸ್ಸಿಗೆ ಒಂದು ವಸ್ತು ತೋರುವ ಬಗೆ. ಅರಿಸ್ಟಾಟಲನು ತನ್ನ ಆತ್ಮವಿಚಾರದ ಗ್ರಂಥದಲ್ಲಿ ಈ ಪದವನ್ನು ಬೆಳಕು ಎಂಬರ್ಥದ ‘ಫಾವೊಸ್’ ಜೊತೆಗೆ ಸಂಬಂಧಿಸುತ್ತಾನೆ. ಇಂದ್ರಿಯಗಳಲ್ಲಿ ಕಣ್ಣು ಮುಖ್ಯ, ಬೆಳಕಿಲ್ಲದೆ ಕಾಣುವುದು ಸಾಧ್ಯವಿಲ್ಲ ಎಂಬುದು ಅವನ ವಾದ. ಆಧುನಿಕ ಭಾಷಾವಿಜ್ಞಾನವೂ ಈ ಗ್ರೀಕ್ ಧಾತುವನ್ನು ಬೆಳಗು ಎಂಬರ್ಥದ ಇಂಡೋ-ಯುರೋಪಿಯನ್ ಮೂಲಕ್ಕೇ ಒಯ್ಯುತ್ತದೆ. ಅದೇ ಮೂಲದಿಂದ ಸಂಸ್ಕೃತದ ‘ಭಾ’ ಧಾತು ಬಂದಿದೆ. ಭಾನು, ಪ್ರಭೆ, ಆಭರಣದಂಗಡಿಯ ಫಲಕಗಳಲ್ಲಿ ಕಾಣುವ ‘ಆಭಾ’ ಎಲ್ಲವೂ ಅದರ ಸಂತಾನ. ನಮ್ಮ ಕಾವ್ಯಮೀಮಾಂಸೆಯ ‘ಪ್ರತಿಭೆ’ಯೂ ಅದೇ ಧಾತುವಿನದು. ಹೀಗಾಗಿ ಪ್ರತಿಭೆಯೂ ಫ್ಯಾನ್ಸಿಯೂ ದೂರದ ದಾಯಾದಿಗಳು. ಆನಂದವರ್ಧನ, ಅಭಿನವಗುಪ್ತರ ಪರಂಪರೆಯನ್ನು ಓದಿದವರಿಗೆ ಇದು ಸ್ವಲ್ಪ ಇರುಸುಮುರುಸು ತಂದೀತು. ಆದರೆ ಭಟ್ಟತೌತನು ಪ್ರತಿಭೆಯನ್ನು ಹೊಸಹೊಸದಾಗಿ ಅರಳುವ ಪ್ರಜ್ಞೆ ಎಂದು ಲಕ್ಷಣೀಕರಿಸಿದ್ದನ್ನು ನೆನೆದರೆ, ‘ಹೊಸ ಡಿಸೈನ್ ಬಂದಿದೆ’ ಎಂದು ಕೂಗುವ ವ್ಯಾಪಾರಿಗೂ ಆ ಮನೆತನದ ಒಂದು ಗುಣ ಉಳಿದಿದೆ ಎನ್ನದೆ ವಿಧಿಯಿಲ್ಲ.

ಇಂಗ್ಲಿಷಿನೊಳಗೆ ಈ ಪದದ ನಡಿಗೆ ಹೀಗಿದೆ. ಮೊದಲು ಅದು ಮನಸ್ಸಿನ ಕಲ್ಪನಾಶಕ್ತಿ. ಆಮೇಲೆ ಮನಸ್ಸು ಕಾರಣವಿಲ್ಲದೆ ಒಂದರ ಕಡೆಗೆ ವಾಲುವುದು, ಒಲವು, ಚಪಲ. ಶೇಕ್ಸ್‌ಪಿಯರನ ‘ವೆನಿಸ್ ನಗರದ ವ್ಯಾಪಾರಿ’ ನಾಟಕದಲ್ಲಿ ಬಸಾನಿಯೋ ಚಿನ್ನ, ಬೆಳ್ಳಿ, ಸೀಸದ ಮೂರು ಪೆಟ್ಟಿಗೆಗಳಲ್ಲಿ ಒಂದನ್ನು ಆರಿಸಬೇಕಾದ ಸಂದರ್ಭದಲ್ಲಿ ‘ಫ್ಯಾನ್ಸಿ’ ಎಲ್ಲಿ ಹುಟ್ಟುತ್ತದೆ ಎಂದು ಕೇಳುವ ಹಾಡೊಂದು ಬರುತ್ತದೆ. ಅಲ್ಲಿ ಅದರ ಅರ್ಥ ಕಣ್ಣಿನಲ್ಲಿ ಹುಟ್ಟಿ ಬೇಗ ಸಾಯುವ ಮೋಹ. 18ನೆಯ ಶತಮಾನದ ನಡುಭಾಗದ ಹೊತ್ತಿಗೆ ಪದವು ವಿಶೇಷಣವಾಯಿತು. ಸಾದಾ ಅಲ್ಲದ್ದು, ಅಲಂಕರಿಸಿದ್ದು, ಬರಿಯ ಉಪಯೋಗಕ್ಕಲ್ಲದೆ ಮನಸ್ಸಿನ ಖುಷಿಗಾಗಿ ಮಾಡಿದ್ದು ಎಂಬ ಅರ್ಥ ತಳೆಯಿತು. ಹೀಗೆ ಅದು ಕವಿಯ ಮನಸ್ಸಿನಿಂದ ಕೊಳ್ಳುವವರ ಮನಸ್ಸಿಗೂ ಅಲ್ಲಿಂದ ವಸ್ತುವಿನ ಮೈಮೇಲಿನ ಕಸೂತಿಗೂ ಇಳಿಯಿತು. ಕೋಲರಿಜ್ ಕವಿ 1817ರಲ್ಲಿ ಪ್ರಕಟಿಸಿದ ‘ಬಯಾಗ್ರಾಫಿಯಾ ಲಿಟರೇರಿಯಾ’ದಲ್ಲಿ ‘ಇಮ್ಯಾಜಿನೇಶನ್’ ಮತ್ತು ‘ಫ್ಯಾನ್ಸಿ’ಗಳನ್ನು ಬೇರ್ಪಡಿಸಿ, ಎರಡನೆಯದು ಸಿದ್ಧವಸ್ತುಗಳನ್ನು ಹೊಸ ಕ್ರಮದಲ್ಲಿ ಜೋಡಿಸುವ ಶಕ್ತಿ ಮಾತ್ರ ಎಂದನು. ಕನ್ನಡ ವಿಮರ್ಶೆಗೂ ಈ ವಿಭಜನೆ ಪರಿಚಿತ. ತರಗತಿಯಲ್ಲಿ ಇದನ್ನು ಬೋಧಿಸುವಾಗ ವಿದ್ಯಾರ್ಥಿಗಳ ಮುಖದಲ್ಲಿ ಒಂದು ನಗೆ ಮೂಡುವುದನ್ನು ನಾವು ಅನೇಕ ಬಾರಿ ಕಂಡಿದ್ದೇವೆ. ಅವರಿಗೆ ಗೊತ್ತಿರುವ ಫ್ಯಾನ್ಸಿ ಕೋಲರಿಜನದಲ್ಲ, ಬಸ್ ನಿಲ್ದಾಣದ ಎದುರಿನದು. ಆದರೂ ಸಿದ್ಧವಸ್ತುಗಳನ್ನು ಅಂದವಾಗಿ ಜೋಡಿಸಿಡುವುದೇ ಆ ಅಂಗಡಿಯ ಕೆಲಸ ಎಂಬುದನ್ನು ಯೋಚಿಸಿದರೆ ಕೋಲರಿಜನ ಲಕ್ಷಣ ಅಲ್ಲಿಯೂ ಕೆಡುವುದಿಲ್ಲ.

ಕನ್ನಡದ ಹಳೆಯ ಪದಕೋಶದಲ್ಲಿ ಇಂಥದೇ ಪಯಣ ಮಾಡಿದ ಪದಗಳಿವೆ. ‘ಬಿನ್ನಾಣ’ವನ್ನು ನೋಡಬಹುದು. ಅದು ‘ವಿಜ್ಞಾನ’ದ ತದ್ಭವ. ವಿಶೇಷವಾದ ಅರಿವು, ಅಲ್ಲಿಂದ ಕೈಚಳಕ, ಅಲ್ಲಿಂದ ಒಯ್ಯಾರ, ಕೊನೆಗೆ ‘ಬಿನ್ನಾಣಗಿತ್ತಿ’ಯ ಬಿನ್ನಾಣ. ಬುದ್ಧಿಯ ಪದವೊಂದು ಉಡುಗೆ ತೊಡುಗೆಯ, ನಡೆ ನೋಟದ ಪದವಾದ ಬಗೆ ಇದು. ಫ್ಯಾನ್ಸಿ ಇಂಗ್ಲಿಷಿನಲ್ಲಿ ನಡೆದ ದಾರಿಯೂ ಇದೇ. ‘ಶೋಕಿ’ಯದೂ ಇಂಥದೇ ಕಥೆ. ಅರಬ್ಬಿಯ ‘ಶೌಕ್’ ಎಂದರೆ ಹಂಬಲ. ಹಿಂದೂಸ್ತಾನಿಯ ಮೂಲಕ ಕನ್ನಡಕ್ಕೆ ಬರುವಷ್ಟರಲ್ಲಿ ಅದು ಮೆರೆಯುವ ಹವ್ಯಾಸವಾಯಿತು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದ ಪದವೂ ಒಂದಿದೆ, ‘ಬೆಡಂಗು’. ಹಳಗನ್ನಡದಲ್ಲಿ ಇದು ಸೊಗಸು, ಚೆಲುವು. ರನ್ನನ ಆಶ್ರಯದಾತ ಸತ್ಯಾಶ್ರಯನ ಬಿರುದು ‘ಇರಿವಬೆಡಂಗ’. ಕತ್ತಿ ಬೀಸುವುದರಲ್ಲಿ ಕೂಡ ಒಂದು ಸೊಬಗನ್ನು ಕಂಡ ಕಾಲ ಅದು. ಆದರೆ ವಚನಕಾರರನ್ನು ಓದುವ ನಮಗೆ ‘ಬೆಡಗಿನ ವಚನ’ ಎಂದರೆ ಹೊರಗಿನ ಅಂದವಲ್ಲ, ಒಳಗೆ ಅರ್ಥವನ್ನು ಮುಚ್ಚಿಟ್ಟುಕೊಂಡ ಒಗಟು. ಹೊರಮೈಯ ಪದ ಹೀಗೆ ಒಳಗೆ ಹೋದದ್ದು ಕನ್ನಡದ ಒಂದು ವಿಶೇಷ. ಫ್ಯಾನ್ಸಿಗೆ ಆ ಭಾಗ್ಯ ದೊರೆಯಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೆಡಗು, ಬಿನ್ನಾಣ, ಒಯ್ಯಾರ, ಸೊಗಸು, ಶೋಕಿ ಇಷ್ಟೆಲ್ಲ ಇರುವಾಗ ಕನ್ನಡಿಗರಿಗೆ ಇನ್ನೊಂದು ಪದ ಏಕೆ ಬೇಕಾಯಿತು? ಉತ್ತರ ಕಠಿಣವಲ್ಲ. ಮೇಲಿನವೆಲ್ಲ ಬಹುಮಟ್ಟಿಗೆ ವ್ಯಕ್ತಿಯ ಗುಣವನ್ನೋ ನಡವಳಿಕೆಯನ್ನೋ ಹೇಳುತ್ತವೆ, ಮತ್ತು ಹಲವು ಬಾರಿ ಒಂದಿಷ್ಟು ಆಕ್ಷೇಪವನ್ನೂ ಹೊತ್ತಿರುತ್ತವೆ. ‘ಅವನು ಶೋಕಿ ಮಾಡುತ್ತಾನೆ’ ಎಂಬುದು ಹೊಗಳಿಕೆಯಲ್ಲ. ಫ್ಯಾನ್ಸಿ ಹಾಗಲ್ಲ. ಕನ್ನಡದಲ್ಲಿ ಮನುಷ್ಯನನ್ನು ಫ್ಯಾನ್ಸಿ ಎನ್ನುವ ರೂಢಿಯಿಲ್ಲ. ಬಳೆ ಫ್ಯಾನ್ಸಿ, ದೀಪ ಫ್ಯಾನ್ಸಿ, ಚಪ್ಪಲಿ ಫ್ಯಾನ್ಸಿ. ಅದು ವಸ್ತುವರ್ಗದ ಹೆಸರು. ಇಂಗ್ಲಿಷಿನಲ್ಲಿ ಇಷ್ಟಪಡು ಎಂಬರ್ಥದ ಕ್ರಿಯಾಪದವಾಗಿಯೂ ಈ ಪದ ಬಳಕೆಯಲ್ಲಿದೆ. ಆ ಬಳಕೆ ಕನ್ನಡದೊಳಗೆ ಕಾಲಿಡಲೇ ಇಲ್ಲ. ನಮ್ಮ ಜನ ತಮಗೆ ಬೇಕಾದ ಒಂದು ತುಣುಕನ್ನು ಮಾತ್ರ ಕತ್ತರಿಸಿಕೊಂಡರು.

ಆ ತುಣುಕಿನ ನಿಖರ ಅರ್ಥವೇನು? ಅದನ್ನು ತಿಳಿಯಲು ‘ಫ್ಯಾನ್ಸಿ’ಗೆ ಎದುರಾಗಿ ನಿಲ್ಲುವ ಪದವನ್ನು ಹುಡುಕಬೇಕು. ಅದು ‘ಸಾದಾ’. ಸಾದಾ ಚಪ್ಪಲಿ, ಫ್ಯಾನ್ಸಿ ಚಪ್ಪಲಿ. ಸಾದಾ ಬಲ್ಬು, ಫ್ಯಾನ್ಸಿ ಲೈಟು. ಸಾದಾ ಫಾರಸಿಯಿಂದ ಬಂದದ್ದು, ಫ್ಯಾನ್ಸಿ ಇಂಗ್ಲಿಷಿನಿಂದ. ಈ ಜೋಡಿಯಲ್ಲಿ ಎರಡೂ ಎರವಲು, ಆದರೂ ಜೋಡಿ ಮಾತ್ರ ಅಚ್ಚ ನಮ್ಮದು. ಶಿವಕಾಶಿಯಿಂದ ಬರುವ ಪಟಾಕಿಗಳಲ್ಲಿ ಬರಿಯ ಸದ್ದಿನವು ಒಂದು ಬಗೆ, ಆಕಾಶಕ್ಕೇರಿ ಬಣ್ಣ ಚೆಲ್ಲುವವು ‘ಫ್ಯಾನ್ಸಿ’. ವಾಹನ ನೋಂದಣಿಯಲ್ಲಿ ಸರದಿಯಂತೆ ಬರುವ ಸಂಖ್ಯೆ ಒಂದು ಬಗೆ, ಸರದಿಯಿಂದ ಎತ್ತಿ ಹರಾಜಿಗಿಡುವ 0001, 9999ರಂಥವು ‘ಫ್ಯಾನ್ಸಿ ನಂಬರ್’. ಕೇಂದ್ರ ಸಾರಿಗೆ ಇಲಾಖೆಯ ಜಾಲತಾಣವೂ ಇದೇ ಹೆಸರನ್ನು ಬಳಸುತ್ತದೆ. ಪದಕ್ಕೆ ಸರಕಾರದ ಮುದ್ರೆಯೂ ಬಿದ್ದಂತಾಯಿತು. ವಜ್ರದ ವ್ಯಾಪಾರದಲ್ಲಿ ದುಂಡನೆಯದಲ್ಲದ ಕೊರೆತವೆಲ್ಲ ಫ್ಯಾನ್ಸಿ, ಎದ್ದುಕಾಣುವ ಬಣ್ಣದ ವಜ್ರವೂ ಫ್ಯಾನ್ಸಿ. ಈ ಎಲ್ಲ ಬಳಕೆಗಳಲ್ಲಿ ಸಮಾನವಾದದ್ದು ಬೆಲೆಯಲ್ಲ, ಚೆಲುವೂ ಅಲ್ಲ. ವಾಡಿಕೆಯ ಸಾಲನ್ನು ಬಿಟ್ಟು ಹೊರಗೆ ನಿಂತದ್ದು ಎಂಬುದೇ ಸಮಾನವಾದದ್ದು. 9999 ಎಂಬ ಅಂಕೆಯಲ್ಲಿ ಕಸೂತಿಯಿಲ್ಲ. ಆದರೂ ಅದು ಫ್ಯಾನ್ಸಿ.

ಸೀರೆಯ ಉದಾಹರಣೆ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ನಮ್ಮ ಸೀರೆಗಳಿಗೆ ಊರಿನ ಹೆಸರುಗಳಿವೆ: ಇಳಕಲ್, ಮೊಳಕಾಲ್ಮೂರು, ಕಾಂಚಿ, ಬನಾರಸ್. ಹೆಸರು ಹೇಳಿದೊಡನೆ ನೂಲು, ಅಂಚು, ಸೆರಗು, ಮಗ್ಗ ಎಲ್ಲವೂ ಗೊತ್ತಾಗುತ್ತವೆ. ಇಳಕಲ್ಲಿನ ‘ಟೋಪಿ ತೆನಿ’ ಸೆರಗನ್ನು ಕಂಡವರು ಬೇರೆ ಊರಿನ ಹೆಸರು ಹೇಳುವುದಿಲ್ಲ. ‘ಫ್ಯಾನ್ಸಿ ಸೀರೆ’ಗೆ ಊರಿಲ್ಲ. ಅದು ಸೂರತ್ತಿನ ಯಂತ್ರಮಗ್ಗದಿಂದ ಬಂದಿರಬಹುದು, ಬೇರೆಡೆಯಿಂದಲೂ ಬಂದಿರಬಹುದು. ಉಡುವವರಿಗೆ ಅದು ಮುಖ್ಯವಲ್ಲ. ಕೃತಕ ನೂಲು, ಹೊಳೆಯುವ ಕಲ್ಲು, ಮಿಂಚುವ ಲೇಸು, ಈ ವರ್ಷದ ವಿನ್ಯಾಸ. ಮುಂದಿನ ವರ್ಷ ಅದು ಸಿಗುವುದಿಲ್ಲ. ಊರ ಹೆಸರಿನ ಸೀರೆ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಫ್ಯಾನ್ಸಿ ಸೀರೆ ಇಳಿಯುವುದು ಅಪರೂಪ. ಪದದ ಬೆನ್ನಿಗೆ ಹೀಗೆ ಮಗ್ಗದ ಒಂದು ಇತಿಹಾಸವೇ ನಿಂತಿದೆ, ಕೈಮಗ್ಗದ ನೇಕಾರನಿಗೆ ಅದು ಸುಖದ ಇತಿಹಾಸವಲ್ಲ.

ಇನ್ನು ಕರೋಲ್ ಬಾಗ್. ಹೊಸ ದೆಹಲಿಯ ಕನಾಟ್ ಪ್ಲೇಸನ್ನು ಕಟ್ಟುವುದಕ್ಕಾಗಿ ಅಲ್ಲಿದ್ದ ಹಳ್ಳಿಗಳನ್ನು ತೆರವು ಮಾಡಿದಾಗ ಜನರನ್ನು ತಂದು ನೆಲೆಗೊಳಿಸಿದ ಜಾಗಗಳಲ್ಲಿ ಇದೂ ಒಂದು. ಹಕೀಂ ಅಜ್ಮಲ್ ಖಾನರು ಸ್ಥಾಪಿಸಿದ, 1921ರಲ್ಲಿ ಗಾಂಧೀಜಿ ಉದ್ಘಾಟಿಸಿದ ಆಯುರ್ವೇದ-ಯುನಾನಿ ತಿಬ್ಬಿಯಾ ಕಾಲೇಜು ಇಲ್ಲಿದೆ. ಜಾಮಿಯಾ ಮಿಲಿಯಾ ಇಸ್ಲಾಮಿಯಾ 1925ರಲ್ಲಿ ಅಲಿಗಢದಿಂದ ಇಲ್ಲಿಗೆ ಬಂದು, ಓಖ್ಲಾಕ್ಕೆ ಹೋಗುವವರೆಗೆ ಇಲ್ಲಿತ್ತು. 1947ರ ವಿಭಜನೆಯಲ್ಲಿ ಇಲ್ಲಿನ ಮುಸಲ್ಮಾನ ಕುಟುಂಬಗಳಲ್ಲಿ ಹಲವು ಹೊರಟುಹೋದವು. ಪಶ್ಚಿಮ ಪಂಜಾಬು, ಸಿಂಧಗಳಿಂದ ಬಂದ ನಿರಾಶ್ರಿತರು ಬೀದಿ ಬದಿಯಿಂದ ಆರಂಭಿಸಿ ಅಂಗಡಿಗಳನ್ನು ಕಟ್ಟಿದರು. ಕೇಂದ್ರ ಸರಕಾರದ ಕಚೇರಿಗಳಿಗೆ ಬಂದ ದಕ್ಷಿಣ ಭಾರತದ ನೌಕರ ಕುಟುಂಬಗಳೂ ಬಾಡಿಗೆ ಮನೆಗಳಲ್ಲಿ ನೆಲೆಸಿದವು. ಇಂದಿನ ಅಜ್ಮಲ್ ಖಾನ್ ರಸ್ತೆ ಮದುವೆಯ ಬಟ್ಟೆಬರೆಗೆ ಹೆಸರಾಗಿದೆ, ಬ್ಯಾಂಕ್ ಸ್ಟ್ರೀಟ್ ಆಭರಣಕ್ಕೆ. ಖಾನ್ ಅಬ್ದುಲ್ ಗಫಾರ್ ಖಾನರ ಹೆಸರಿನ ಗಫಾರ್ ಮಾರುಕಟ್ಟೆ ಒಂದು ಕಾಲಕ್ಕೆ ವಿದೇಶಿ ಸಾಮಾನಿನ ತಾಣವಾಗಿತ್ತು. 1991ರ ಆರ್ಥಿಕ ಉದಾರೀಕರಣಕ್ಕೆ ಮೊದಲು ಕನ್ನಡದಲ್ಲಿ ‘ಫಾರಿನ್’ ಎಂಬ ಪದಕ್ಕಿದ್ದ ಮಹಿಮೆಯನ್ನು ಹಿರಿಯರು ಬಲ್ಲರು: ಫಾರಿನ್ ಸೀರೆ, ಫಾರಿನ್ ಸೆಂಟು, ಫಾರಿನ್ ವಾಚು. ಎಲ್ಲವೂ ಎಲ್ಲೆಡೆ ಸಿಗತೊಡಗಿದ ಮೇಲೆ ಆ ಪದ ಬಾಡಿತು, ಫ್ಯಾನ್ಸಿ ಉಳಿಯಿತು.

ಸೋಮವಾರ ಇಲ್ಲಿನ ಅಂಗಡಿಗಳಿಗೆ ವಾರದ ರಜೆ. ಮುಚ್ಚಿದ ಬಾಗಿಲುಗಳ ಮುಂದೆ ಅಂದು ಬೇರೊಂದು ಸಂತೆ ಕೂಡುತ್ತದೆ. ನೆಲದ ಮೇಲೆ ಬಟ್ಟೆ ಹಾಸಿ ಬಳೆ, ಕ್ಲಿಪ್ಪು, ಓಲೆ, ದುಪಟ್ಟಗಳನ್ನು ಹರಡುತ್ತಾರೆ. ಹಿಂದಿ-ಉರ್ದುವಿನಲ್ಲಿ ಇಂಥ ವ್ಯಾಪಾರಿಗೆ ‘ಬಿಸಾತಿ’ ಎಂಬ ಹಳೆಯ ಹೆಸರಿದೆ. ‘ಬಿಸಾತ್’ ಎಂದರೆ ಹಾಸಿದ ಬಟ್ಟೆ. ‘ಮನಿಹಾರ್’ ಎಂಬ ಇನ್ನೊಂದು ಹೆಸರು ನಮ್ಮ ‘ಬಳೆಗಾರ’ನಿಗೆ ಸಮಾನ. ಈ ಎರಡು ಪದಗಳೂ ಹಿಂದೆ ಸರಿದು ಫ್ಯಾನ್ಸಿ ಮುಂದೆ ಬಂದಿದೆ. ಕನ್ನಡದಲ್ಲಿಯೂ ಹೀಗೆಯೇ ಆಯಿತು. ಜನಪದ ಗೀತೆಯ ಭಾಗ್ಯದ ಬಳೆಗಾರನೂ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ (1942) ಬಳೆಗಾರ ಚೆನ್ನಯ್ಯನೂ ಮನೆಬಾಗಿಲಿಗೆ ಬಂದು ತವರಿನ ಸುದ್ದಿಯನ್ನೂ ಹೊತ್ತು ತರುತ್ತಿದ್ದವರು. ಫ್ಯಾನ್ಸಿ ಸ್ಟೋರು ಮನೆಗೆ ಬರುವುದಿಲ್ಲ, ನಾವೇ ಅಲ್ಲಿಗೆ ಹೋಗಬೇಕು. ಹಾಗೆಂದು ಇದನ್ನು ಬರಿಯ ನಷ್ಟವೆಂದು ಬಗೆಯುವುದು ಸರಿಯಲ್ಲ. ಬಳೆಗಾರನ ಕೈಗೆ ಕೈಯೊಡ್ಡಿ ಕೂಡುತ್ತಿದ್ದ ಹೆಣ್ಣುಮಗಳಿಗೆ, ತನ್ನ ಕಾಸಿನಿಂದ ತಾನೇ ಆರಿಸಿ ಕೊಳ್ಳುವ ಜಾಗವೊಂದು ದೊರೆತದ್ದು ಈ ಅಂಗಡಿಯಲ್ಲಿ. ಸಣ್ಣ ಪಟ್ಟಣಗಳಲ್ಲಿ ಮಹಿಳೆಯರೇ ನಡೆಸುವ ಅಂಗಡಿಗಳಲ್ಲಿ ಇವೂ ಸೇರಿವೆ.

ಈಗ ಮುಖ್ಯ ವಿಷಯಕ್ಕೆ ಬರಬಹುದು. ದೆಹಲಿಯ ಕನ್ನಡ ಕುಟುಂಬಗಳು ಮದುವೆಯ ಖರೀದಿಗೆ ಕರೋಲ್ ಬಾಗಿಗೆ ಬರುತ್ತವೆ. ಹಾಸನದ ಕಡೆಯಿಂದಲೋ ಧಾರವಾಡದ ಕಡೆಯಿಂದಲೋ ಬಂದು ನೆಲೆಸಿದ ತಾಯಿ ‘ಬೀಗರ ಮಕ್ಕಳಿಗೆ ಯಾವುದಾದರೂ ಫ್ಯಾನ್ಸಿ ತಗೊಂಡರೆ ಸಾಕು’ ಎನ್ನುತ್ತಾಳೆ. ಅವಳ ಮನಸ್ಸಿನಲ್ಲಿರುವುದು ನೋಡಲು ಚೆಂದವಾದ, ಕೈಗೆಟುಕುವ ಬೆಲೆಯ ವಸ್ತು. ಇಲ್ಲಿಯೇ ಹುಟ್ಟಿ ಬೆಳೆದ ಮಗಳು ಅದೇ ಅಂಗಡಿಯಲ್ಲಿ ‘ಬೇಡಮ್ಮ, ತುಂಬ ಫ್ಯಾನ್ಸಿ ಆಯಿತು’ ಎಂದರೆ ಅವಳ ಅರ್ಥ ದುಬಾರಿ, ಅತಿಯಾದ ಆಡಂಬರ. ಇಂಗ್ಲಿಷ್ ಶಾಲೆಯ ಮಾತಿನಿಂದ ಅವಳಿಗೆ ಬಂದ ಅರ್ಥ ಅದು. ಆ ಮಾತಿನಲ್ಲಿ ‘ಫ್ಯಾನ್ಸಿ ರೆಸ್ಟೋರೆಂಟ್’ ಎಂದರೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ, ಜೇಬಿಗೆ ಭಾರವಾದ ಭೋಜನಾಲಯ. ತಾಯಿಯ ಪದ ಅಗ್ಗವನ್ನು, ಮಗಳ ಪದ ದುಬಾರಿಯನ್ನು ಸೂಚಿಸುತ್ತದೆ. ಇಬ್ಬರೂ ಕನ್ನಡವನ್ನೇ ಆಡುತ್ತಿದ್ದಾರೆ, ಒಂದೇ ಪದವನ್ನು ಆಡುತ್ತಿದ್ದಾರೆ, ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಿಲ್ಲ. ಮೊದಲನೆಯದು ಹಿಂದೆಯೇ ಬಂದು ಕನ್ನಡದಲ್ಲಿ ಬೇರೂರಿದ ಫ್ಯಾನ್ಸಿ, ಎರಡನೆಯದು ನಿನ್ನೆ ಮೊನ್ನೆ ಮತ್ತೊಮ್ಮೆ ಎರವಲು ಬಂದ ಫ್ಯಾನ್ಸಿ. ಒಂದೇ ಮೂಲದಿಂದ ಎರಡು ಬಾರಿ ಎರವಲು ಪಡೆಯುವುದು ಕನ್ನಡಕ್ಕೆ ಹೊಸದಲ್ಲ. ‘ವಿಜ್ಞಾನ’ ತದ್ಭವವಾಗಿ ‘ಬಿನ್ನಾಣ’ವಾಯಿತು, ತತ್ಸಮವಾಗಿ ಮರಳಿ ಬಂದು ಪಾಠಪುಸ್ತಕದ ‘ವಿಜ್ಞಾನ’ವೂ ಆಯಿತು. ಬಿನ್ನಾಣವೂ ವಿಜ್ಞಾನವೂ ರೂಪದಲ್ಲಿಯೇ ಬೇರೆಯಾದ್ದರಿಂದ ಗೊಂದಲವಿಲ್ಲ. ಫ್ಯಾನ್ಸಿಯಲ್ಲಿ ರೂಪ ಒಂದೇ ಉಳಿದಿದೆ, ತೊಡಕು ಇರುವುದು ಅಲ್ಲಿ.

ಅನುವಾದದಲ್ಲಿ ಈ ತೊಡಕು ಹೆಚ್ಚು ಹಾನಿ ಮಾಡುತ್ತದೆ. ಕನ್ನಡ ಕಥೆಯೊಂದರ ಬಡ ಹುಡುಗಿ ‘ಫ್ಯಾನ್ಸಿ ಸ್ಟೋರ್’ನಲ್ಲಿ ರಿಬ್ಬನ್ನು ಕೊಂಡಳು ಎಂಬ ವಾಕ್ಯವನ್ನು ಪದವನ್ನು ಹಾಗೆಯೇ ಇಟ್ಟು ಇಂಗ್ಲಿಷಿಗೆ ತಂದರೆ, ಪರದೇಶದ ಓದುಗನ ಕಣ್ಣ ಮುಂದೆ ಗಾಜಿನ ಬಾಗಿಲಿನ ಸಿರಿವಂತರ ಅಂಗಡಿ ನಿಲ್ಲುತ್ತದೆ. ಹುಡುಗಿಯ ಬಡತನವೇ ಮಾಯವಾಗುತ್ತದೆ. ಇಂಗ್ಲಿಷ್ ಪದವಾದ್ದರಿಂದ ಅನುವಾದ ಬೇಡವೆಂದು ಭಾವಿಸುವುದು ಇಲ್ಲಿ ಅಪಾಯಕಾರಿ; ಇಂಥ ಪದಗಳನ್ನು ಕನ್ನಡ ಪದಗಳೆಂದೇ ಬಗೆದು ಅನುವಾದಿಸಬೇಕು.

ಇದು ಕನ್ನಡ ಪದವೇ ಎಂಬುದಕ್ಕೆ ರೂಪದ ಸಾಕ್ಷ್ಯವೂ ಇದೆ. ವ್ಯಂಜನಾಂತವಾದ ಇಂಗ್ಲಿಷ್ ಪದಗಳಿಗೆ ಕನ್ನಡ ಒಂದು ಉಕಾರವನ್ನು ಹಚ್ಚಿ ಬಸ್ಸು, ಕಾರು, ಸ್ಟೋರು ಎಂದು ಒಳಗೆ ಕರೆದುಕೊಳ್ಳುತ್ತದೆ. ಫ್ಯಾನ್ಸಿ ಇಕಾರಾಂತವಾದ್ದರಿಂದ ಆ ಸಂಸ್ಕಾರವೂ ಬೇಕಾಗಲಿಲ್ಲ; ಯಕಾರಾಗಮದೊಡನೆ ‘ಫ್ಯಾನ್ಸಿಯ’, ‘ಫ್ಯಾನ್ಸಿಯಾಗಿ’ ಎಂದು ಸಲೀಸಾಗಿ ನಡೆಯುತ್ತದೆ. ಮೊದಲ ಸ್ವರವನ್ನು ಬರೆಯಲು ಹಿಂದಿಯವರು ಐಕಾರದ ಚಿಹ್ನೆ ಹಚ್ಚಿದರೆ ನಾವು ಯಕಾರದ ಒತ್ತು ಮತ್ತು ದೀರ್ಘವನ್ನು ಬಳಸುತ್ತೇವೆ. ಆ ಧ್ವನಿ ನಮ್ಮ ಆಡುಮಾತಿಗೆ ಹೊಸದಲ್ಲ: ಬ್ಯಾಡ, ಪ್ಯಾಟೆ ಎನ್ನುವವರಿಗೆ ಪ್ಯಾಟೆಯ ‘ಪ್ಯಾನ್ಸಿ’ ಕಷ್ಟವಾದೀತೇ? ‘ಫ್ಯಾನ್ಸಿ ಬಳೆ’ಯನ್ನು ಕೇಶಿರಾಜನ ಮುಂದಿಟ್ಟರೆ ಅವನು ಅರಿಸಮಾಸವೆಂದು ಹುಬ್ಬು ಗಂಟಿಕ್ಕಬಹುದು. ನಯಸೇನನಂತೂ 12ನೆಯ ಶತಮಾನದ ಆರಂಭದಲ್ಲಿಯೇ ಕನ್ನಡದೊಡನೆ ಸಂಸ್ಕೃತವನ್ನು ಬೆರೆಸುವುದು ತುಪ್ಪವನ್ನೂ ಎಣ್ಣೆಯನ್ನೂ ಬೆರೆಸಿದಂತೆ ಎಂದು ರೇಗಿದವನು. ಆದರೆ ಅಚ್ಚಗನ್ನಡದ ಪಣ ತೊಟ್ಟು ‘ಕಬ್ಬಿಗರ ಕಾವ’ವನ್ನು ಬರೆದ ಆಂಡಯ್ಯನೂ ತತ್ಸಮಗಳನ್ನು ಬಿಟ್ಟನಲ್ಲದೆ ತದ್ಭವಗಳನ್ನು ಬಿಡಲಿಲ್ಲ. ಪಳಗಿದ ಪದ ಮನೆಯದೇ ಎಂಬ ವಿವೇಕ ಅವನಲ್ಲಿತ್ತು.

ಈ ವಿವೇಕ ಇಂದು ವ್ಯವಹಾರದ ಪ್ರಶ್ನೆಯೂ ಆಗಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿಯು ಕರ್ನಾಟಕದ ನಾಮಫಲಕಗಳ ಶೇ. 60 ಭಾಗ ಕನ್ನಡದಲ್ಲಿರಬೇಕೆಂದು ವಿಧಿಸಿದೆ. ‘ಫ್ಯಾನ್ಸಿ ಸ್ಟೋರ್ಸ್’ ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಅದು ಕನ್ನಡವೇ ಎಂದು ಕೇಳುವವರಿದ್ದಾರೆ. ‘ಅಲಂಕಾರ ಸಾಮಗ್ರಿ ಮಳಿಗೆ’ ಎಂಬ ಬದಲಿಯನ್ನು ಸೂಚಿಸುವುದು ಸುಲಭ. ಆದರೆ ಆ ಅಂಗಡಿಯಲ್ಲಿ ಅಲಂಕಾರದ ವಸ್ತುಗಳಷ್ಟೇ ಇಲ್ಲ. ಸೀರೆಯ ಫಾಲು, ಸೂಜಿ ದಾರ, ಮಕ್ಕಳ ಆಟಿಕೆ, ಹುಟ್ಟುಹಬ್ಬದ ಉಡುಗೊರೆ ಎಲ್ಲವೂ ಇವೆ. ಅಲ್ಲದೆ ‘ಅಲಂ’ ಎಂದರೆ ಸಂಸ್ಕೃತದಲ್ಲಿ ‘ಸಾಕು’. ಅಲಂಕಾರವೆಂದರೆ ಸಾಲದ್ದನ್ನು ತುಂಬಿ ಸಾಕಾಗುವಂತೆ ಮಾಡುವುದು. ಫ್ಯಾನ್ಸಿ ಇರುವುದು ಸಾಕಾದ ಮೇಲೆ ಬೇಕೆನಿಸುವುದರ ಕಡೆಗೆ. ಶಾಲೆಗಳಲ್ಲಿ ‘ಫ್ಯಾನ್ಸಿ ಡ್ರೆಸ್’ಗೆ ‘ಛದ್ಮವೇಷ’ ಎಂಬ ಅನುವಾದವನ್ನು ತಂದು ನಾವು ಪಡೆದದ್ದೇನು ಎಂಬುದೂ ವಿಚಾರಾರ್ಹ. ಛದ್ಮವೆಂದರೆ ಕಪಟ. ಒನಕೆ ಓಬವ್ವನಾಗಿ ನಿಲ್ಲುವ ಮಗು ಯಾರನ್ನೂ ವಂಚಿಸುತ್ತಿಲ್ಲ, ಕಲ್ಪಿಸಿಕೊಳ್ಳುತ್ತಿದೆ. ಫ್ಯಾನ್ಸಿಯ ಮೊದಲ ಅರ್ಥ ಕನ್ನಡ ನಾಡಿನಲ್ಲಿ ಉಳಿದಿರುವುದು ಬಹುಶಃ ಆ ವೇದಿಕೆಯೊಂದರಲ್ಲೇ. ಆದ್ದರಿಂದ ನಾಮಫಲಕದಲ್ಲಿ ‘ಫ್ಯಾನ್ಸಿ ಅಂಗಡಿ’ ಎಂದು ಬರೆಯುವುದು ಸಾಕು, ಸರಿ ಎಂಬುದು ನಮ್ಮ ಅಭಿಪ್ರಾಯ.

ಪದವೊಂದು ಇಷ್ಟು ಹೊಳೆಯತೊಡಗಿದರೆ ಬೇರೆ ಪದಗಳನ್ನೂ ಮುಚ್ಚಿಬಿಡುತ್ತದೆ ಎಂಬುದಕ್ಕೆ ಪೂರ್ವ ಭಾರತದ ನಿದರ್ಶನವೊಂದನ್ನು ಹೇಳಬಹುದು. ಗುವಾಹಟಿಯ ದೊಡ್ಡ ವ್ಯಾಪಾರಕೇಂದ್ರ ‘ಫ್ಯಾನ್ಸಿ ಬಜಾರ್’. ಅಲ್ಲಿ ಬ್ರಿಟಿಷರ ಕಾಲದಲ್ಲಿ ಕೈದಿಗಳನ್ನು ನೇಣಿಗೇರಿಸುತ್ತಿದ್ದುದರಿಂದ ಮೂಲದ ಹೆಸರು ‘ಫಾಂಸಿ ಬಜಾರ್’ ಎಂಬುದು ಪ್ರಚಲಿತ ವಿವರಣೆ. ಕೋಲ್ಕತ್ತದ ‘ಫ್ಯಾನ್ಸಿ ಲೇನ್’ ಕುರಿತೂ ಇದನ್ನೇ ಹೇಳುತ್ತಾರೆ.

ಕನ್ನಡೇತರರಿಗಾಗಿ ಸಿದ್ಧಪಡಿಸುವ ಪದಪಟ್ಟಿಗಳಲ್ಲಿ ಈ ಪದವನ್ನು ಹೀಗೆ ನಮೂದಿಸುವುದು ಉಚಿತವೆಂದು ಸೂಚಿಸುತ್ತೇವೆ. ಫ್ಯಾನ್ಸಿ, ವಿಶೇಷಣ: ಒಂದು, ಸಾದಾ ಅಲ್ಲದ, ಕಣ್ಣಿಗೆ ಹೊಳಪಾಗಿ ಕಾಣುವ, ಬಹುಮಟ್ಟಿಗೆ ಅಗ್ಗದ (ಬಳೆ, ಸೀರೆ, ಚಪ್ಪಲಿ, ದೀಪ). ಎರಡು, ವಾಡಿಕೆಯ ಸಾಲಿನಿಂದ ಹೊರಗಾದ (ಸಂಖ್ಯೆ, ವಜ್ರ, ಪಟಾಕಿ). ಮೂರು, ಇತ್ತೀಚಿನ ನಗರ ಬಳಕೆಯಲ್ಲಿ, ದುಬಾರಿಯಾದ, ಆಡಂಬರದ. ಮೂರನೆಯ ಅರ್ಥದಲ್ಲಿ ಹಳ್ಳಿಯ ಹಿರಿಯರೊಡನೆ ಮಾತನಾಡುವಾಗ ಬಳಸಬಾರದು. ಅವರು ಬೇರೊಂದು ಅಂಗಡಿಗೆ ಕರೆದೊಯ್ಯುತ್ತಾರೆ.